ಜೀಪಿನ ಕೀಲೆಣ್ಣೆ

ಎತ್ತಿನ ಗಾಡಿಯೇ ಮುಖ್ಯ ವಾಹನವಾಗಿದ್ದ ಕಾಲದಲ್ಲಿ, ದೂರದ ಊರಿಗೆ ಹೊರಡುವ ಗಾಡಿಕಾರನು ಮೊದಲು ಎತ್ತುಗಳ ಲಾಳವನ್ನೂ ಅನಂತರ ಗಾಡಿಯ ಇರುಸನ್ನೂ ನೋಡುತ್ತಿದ್ದನು. ಚಕ್ರವನ್ನು ಕಳಚಿ, ಹಳೆಯ ಜಿಡ್ಡನ್ನು ಒರಸಿ ತೆಗೆದು, ಹೊಸ ಕೀಲೆಣ್ಣೆಯನ್ನು ಬಳಿದ ಹೊರತು ಎತ್ತುಗಳ ಕೊರಳಿಗೆ ನೊಗವನ್ನು ಏರಿಸುತ್ತಿರಲಿಲ್ಲ. ಕೀಲೆಣ್ಣೆ ಒಣಗಿದ ಗಾಡಿ ಕಿರುಗುಟ್ಟುತ್ತದೆ. ಆ ಸದ್ದನ್ನು ಕೇಳಿದ ದಾರಿಹೋಕನೂ “ಎಣ್ಣೆ ಹಾಕಯ್ಯಾ” ಎಂದು ಎಚ್ಚರಿಸುವನು. ಹೀಗೆ ಗಾಡಿಯ ಕೊರತೆಯು ಗಾಡಿಯ ಬಾಯಿಂದಲೇ ಹೊರಬೀಳುತ್ತಿತ್ತು.

ಮೋಟಾರು ವಾಹನದ ಸಂಗತಿ ಹಾಗಲ್ಲ. ಅದರ ಕೀಲೆಣ್ಣೆಯು ಲೋಹದ ಪೆಟ್ಟಿಗೆಗಳೊಳಗೆ ಅಡಗಿರುತ್ತದೆ. ಎಂಜಿನ್ನಿನ ಎಣ್ಣೆಯನ್ನಾದರೂ ಅಳತೆಯ ಕಡ್ಡಿಯನ್ನು ಎಳೆದು ನೋಡಬಹುದು. ಹಳೆಯ ಜೀಪಿನ ಗೇರುಪೆಟ್ಟಿಗೆಗೆ ಅಂತಹ ಕಡ್ಡಿಯೂ ಇಲ್ಲ. ಎಣ್ಣೆ ಕೆಟ್ಟಿರುವುದು ಕಿವಿಗೆ ಕೇಳಿಸುವ ಹೊತ್ತಿಗೆ ಹಲ್ಲುಗಳು ಸವೆದುಹೋಗಿರುತ್ತವೆ. ಆದಕಾರಣ ಈ ಎಣ್ಣೆಯನ್ನು ಏಕೆ, ಯಾವಾಗ, ಹೇಗೆ ಬದಲಾಯಿಸಬೇಕು ಎಂಬುದನ್ನು ಅರಿತಿರುವುದು ಜೀಪನ್ನು ಇಟ್ಟುಕೊಂಡಿರುವವರಿಗೆ ಅವಶ್ಯಕ. ಅದರಲ್ಲಿ ಕುಳಿತು ಶಾಲೆಗೆ ಬರುವ ವಿದ್ಯಾರ್ಥಿಗಳಿಗೂ ಅದು ತಿಳಿದಿದ್ದರೆ ಒಳ್ಳೆಯದು.

ನಮ್ಮ ಬೆಟ್ಟ, ನಮ್ಮ ಜೀಪು

ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯಕ್ಕಾಗಿ ವಿಲ್ಲಿಸ್ ಓವರ್‌ಲ್ಯಾಂಡ್ ಕಂಪೆನಿಯು ೧೯೪೧ರಿಂದ ಜೀಪುಗಳನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಿತು. ೧೯೪೦ರ ದಶಕದ ಕೊನೆಯ ವರ್ಷಗಳಲ್ಲಿ ಮಹೀಂದ್ರ ಕಂಪೆನಿಯವರು ಅದೇ ವಿಲ್ಲಿಸ್ ಜೀಪುಗಳನ್ನು ಮುಂಬಯಿಯಲ್ಲಿ ಜೋಡಿಸಲು ತೊಡಗಿದರು. ಆ ವಂಶಕ್ಕೆ ಸೇರಿದ ಹಳೆಯ ಜೀಪುಗಳು ನೀಲಗಿರಿಯಲ್ಲಿ ಇನ್ನೂ ಓಡಾಡುತ್ತಿವೆ. ಗೂಡಲೂರಿನ ಸುತ್ತಲಿನ ತೋಟಗಳಿಗೆ ಆಳುಗಳನ್ನು ಒಯ್ಯುವುದಕ್ಕೂ, ರಾತ್ರಿ ವೇಳೆಯಲ್ಲಿ ರೋಗಿಯನ್ನು ಆಸ್ಪತ್ರೆಗೆ ಸೇರಿಸುವುದಕ್ಕೂ, ಮಸಿನಗುಡಿಯ ಕಾಡಂಚಿನ ಮಣ್ಣುದಾರಿಗಳಲ್ಲಿ ಸಂಚರಿಸುವುದಕ್ಕೂ ಜೀಪೇ ಗತಿ.

ಉದಕಮಂಡಲವು ಸಮುದ್ರಮಟ್ಟದಿಂದ ಸುಮಾರು ೨೨೪೦ ಮೀಟರು ಎತ್ತರದಲ್ಲಿದೆ. ಅಲ್ಲಿಂದ ಕಲ್ಹಟ್ಟಿಯ ಮಾರ್ಗವಾಗಿ ಮಸಿನಗುಡಿಗೆ ಇಳಿಯುವ ಘಾಟಿಯಲ್ಲಿ ೩೬ ಹೇರ್‌ಪಿನ್ ತಿರುವುಗಳಿವೆ. ಇಳಿದು ಮುಗಿಸುವಷ್ಟರಲ್ಲಿ ಸಾವಿರ ಮೀಟರಿಗೂ ಮಿಕ್ಕ ಎತ್ತರವು ಹಿಂದೆ ಉಳಿದಿರುತ್ತದೆ. ಇಂತಹ ಇಳಿಜಾರಿನಲ್ಲಿ ಕಾಲಿನ ಬ್ರೇಕನ್ನೇ ಒತ್ತುತ್ತ ಹೋದರೆ ಅದು ಕಾದು ಹಿಡಿತವನ್ನು ಕಳೆದುಕೊಳ್ಳುತ್ತದೆ. ಆದುದರಿಂದಲೇ ಅನುಭವಿಗಳು ಕೆಳಗಿನ ಗೇರಿನಲ್ಲಿ ಇಳಿಯುತ್ತಾರೆ. ಆಗ ಚಕ್ರಗಳು ಎಂಜಿನ್ನನ್ನು ತಿರುಗಿಸಬೇಕಾಗುತ್ತದೆ. ಎಂಜಿನ್ನು ಅದಕ್ಕೆ ಒಡ್ಡುವ ತಡೆಯೇ ವಾಹನವನ್ನು ಹಿಡಿದು ನಿಲ್ಲಿಸುತ್ತದೆ. ಏರುವಾಗ ಭಾರ ಹೊತ್ತ ಹಲ್ಲುಗಳ ಒಂದು ಮುಖಕ್ಕೆ ಬದಲಾಗಿ ಇಳಿಯುವಾಗ ಮತ್ತೊಂದು ಮುಖವು ಭಾರ ಹೊರುತ್ತದೆ. ಬೆಟ್ಟದ ಜೀಪಿನ ಗೇರುಗಳಿಗೆ ಏರಿನಲ್ಲಿಯೂ ವಿಶ್ರಾಂತಿಯಿಲ್ಲ, ಇಳಿತದಲ್ಲಿಯೂ ಇಲ್ಲ.

ಶಕ್ತಿ ಸಾಗುವ ದಾರಿ

ಎಂಜಿನ್ನಿನಲ್ಲಿ ಹುಟ್ಟಿದ ಶಕ್ತಿಯು ಮೊದಲು ಗೇರುಪೆಟ್ಟಿಗೆಗೆ ಬರುತ್ತದೆ. ಅದಕ್ಕೆ ಅಂಟಿಕೊಂಡೇ ಟ್ರಾನ್ಸ್‌ಫರ್ ಕೇಸ್ ಎಂಬ ಎರಡನೆಯ ಪೆಟ್ಟಿಗೆಯಿದೆ. ಸಾಮಾನ್ಯ ಕಾರಿನಲ್ಲಿ ಇದು ಇರುವುದಿಲ್ಲ. ಶಕ್ತಿಯನ್ನು ಮುಂದಿನ ಇರುಸಿಗೂ ಹಿಂದಿನ ಇರುಸಿಗೂ ಹಂಚುವುದು, ಕಡಿದಾದ ಜಾಗದಲ್ಲಿ ವೇಗವನ್ನು ಇಳಿಸಿ ಬಲವನ್ನು ಹೆಚ್ಚಿಸುವುದು ಇದರ ಕೆಲಸ. ಇಲ್ಲಿಂದ ಮುಂದಕ್ಕೊಂದು, ಹಿಂದಕ್ಕೊಂದು ಪ್ರೊಪೆಲ್ಲರ್ ಶಾಫ್ಟು ಹೊರಡುತ್ತದೆ. ಪ್ರತಿ ಇರುಸಿನಲ್ಲಿಯೂ ಕುಂಬಳಕಾಯಿಯಂತೆ ಉಬ್ಬಿದ ಭಾಗವೊಂದಿದೆ. ಅದರೊಳಗೆ ಡಿಫರೆನ್ಷಿಯಲ್ ಎಂಬ ಹಲ್ಲುಚಕ್ರಗಳ ಗುಂಪು ಕುಳಿತಿದೆ. ತಿರುವಿನಲ್ಲಿ ಹೊರಗಿನ ಚಕ್ರವು ಒಳಗಿನ ಚಕ್ರಕ್ಕಿಂತ ಹೆಚ್ಚು ದೂರ ಉರುಳಬೇಕಷ್ಟೆ. ಎರಡು ಚಕ್ರಗಳಿಗೂ ಬೇರೆ ಬೇರೆ ವೇಗವನ್ನು ಕೊಡುವುದು ಈ ಡಿಫರೆನ್ಷಿಯಲ್ಲಿನ ಉಪಕಾರ.

ಹೀಗೆ ಗೇರುಪೆಟ್ಟಿಗೆ, ಟ್ರಾನ್ಸ್‌ಫರ್ ಕೇಸ್, ಮುಂದಿನ ಇರುಸು, ಹಿಂದಿನ ಇರುಸು ಎಂದು ನಾಲ್ಕು ಎಣ್ಣೆಯ ಮನೆಗಳಾದವು. ಇವುಗಳ ಜತೆಗೆ ಮುಂದಿನ ಚಕ್ರಗಳ ಹಿಂಬದಿಯಲ್ಲಿ ಗುಂಡಾದ ಎರಡು ಕೀಲುಗಳಿವೆ. ಇವುಗಳಿಗೆ ಹಾಕುವುದು ಸಾಮಾನ್ಯವಾಗಿ ಗ್ರೀಸು.

ವಿದ್ಯಾರ್ಥಿಗಳು ಇಲ್ಲಿ ಒಂದು ಲೆಕ್ಕವನ್ನು ಮಾಡಿ ನೋಡಬಹುದು. ಯುದ್ಧಕಾಲದ ಜೀಪಿನ ಇರುಸಿನಲ್ಲಿ ೮ ಹಲ್ಲಿನ ಸಣ್ಣ ಚಕ್ರವು ೩೯ ಹಲ್ಲಿನ ದೊಡ್ಡ ಚಕ್ರವನ್ನು ತಿರುಗಿಸುತ್ತಿತ್ತು. ೩೯ನ್ನು ೮ರಿಂದ ಭಾಗಿಸಿದರೆ ೪.೮೭೫. ಮೊದಲನೆಯ ಗೇರಿನಲ್ಲಿ ಬಲವು ೨.೬೬ರಷ್ಟು ಪಟ್ಟು, ಟ್ರಾನ್ಸ್‌ಫರ್ ಕೇಸಿನ ಕೆಳ ಶ್ರೇಣಿಯಲ್ಲಿ ೧.೯೭ ಪಟ್ಟು ಹೆಚ್ಚುತ್ತಿತ್ತು. ಈ ಮೂರನ್ನೂ ಗುಣಿಸಿದರೆ ೨೫ಕ್ಕಿಂತ ಹೆಚ್ಚು ಬರುತ್ತದೆ. ಘರ್ಷಣೆಯಲ್ಲಿ ನಷ್ಟವಾಗುವುದನ್ನು ಬಿಟ್ಟರೆ, ಎಂಜಿನ್ನಿನ ತಿರುಚುಬಲವು ಚಕ್ರಗಳಿಗೆ ಬರುವ ಹೊತ್ತಿಗೆ ೨೫ ಪಟ್ಟಾಗಿರುತ್ತದೆ. ಅಷ್ಟು ಬಲವನ್ನೂ ಹೊರುವುದು ಒಂದನ್ನೊಂದು ತಳ್ಳುವ ಕೆಲವೇ ಹಲ್ಲುಗಳ ಮುಖ. ಆ ಮುಖಗಳ ನಡುವೆ ಇರುವುದು ಎಣ್ಣೆಯ ತೆಳುವಾದ ಒಂದು ಪದರ ಮಾತ್ರ.

ಎಣ್ಣೆ ಮಾಡುವ ಕೆಲಸ

ಈ ಪದರವು ಲೋಹವು ಲೋಹಕ್ಕೆ ತಾಗದಂತೆ ತಡೆಯುತ್ತದೆ. ಹಲ್ಲುಗಳಲ್ಲಿ ಹುಟ್ಟಿದ ಕಾವನ್ನು ಪೆಟ್ಟಿಗೆಯ ಗೋಡೆಗೆ ಒಯ್ಯುತ್ತದೆ. ಸವೆದ ಲೋಹದ ಪುಡಿಯನ್ನು ತೊಳೆದು ತಳಕ್ಕೆ ಇಳಿಸುತ್ತದೆ, ತುಕ್ಕನ್ನೂ ತಡೆಯುತ್ತದೆ.

ಎಣ್ಣೆಯ ಗಟ್ಟಿತನವನ್ನು ಅಂಕಿಯಿಂದ ಹೇಳುವ ವಾಡಿಕೆಯಿದೆ. ಅಂಕಿ ದೊಡ್ಡದಾದಷ್ಟೂ ಎಣ್ಣೆ ಗಟ್ಟಿ. ಹಳೆಯ ಜೀಪುಗಳಿಗೆ ಬಹುಕಾಲದಿಂದ ಬಳಕೆಯಲ್ಲಿರುವುದು ೯೦ ಅಂಕಿಯ ಗೇರ್ ಆಯಿಲ್. ಡಬ್ಬಿಯ ಮೇಲೆ ‘೮೦ ಡಬ್ಲ್ಯೂ ೯೦’ ಎಂದಿದ್ದರೆ, ಅದು ಚಳಿಯಲ್ಲಿ ೮೦ರ ಎಣ್ಣೆಯಂತೆ ಹರಿದು, ಕಾದಾಗ ೯೦ರ ಎಣ್ಣೆಯಂತೆ ನಿಲ್ಲುತ್ತದೆ ಎಂದು ತಿಳಿಯಬೇಕು. ಡಿಸೆಂಬರ್, ಜನವರಿ ತಿಂಗಳುಗಳಲ್ಲಿ ಉದಕಮಂಡಲದ ಹುಲ್ಲಿನ ಮೇಲೆ ಹಿಮ ಬಿಳುಪೇರಿ ಕೂರುವ ಮುಂಜಾನೆ ಗೇರು ಬದಲಾಯಿಸಲು ಕಷ್ಟವಾಗುವುದಕ್ಕೆ ಗಟ್ಟಿಯಾದ ಎಣ್ಣೆಯೂ ಒಂದು ಕಾರಣ.

ಡಬ್ಬಿಯ ಮೇಲೆ ಇನ್ನೊಂದು ಗುರುತು ಇರುತ್ತದೆ: ಜಿ.ಎಲ್. ೪ ಅಥವಾ ಜಿ.ಎಲ್. ೫. ಇದನ್ನು ಅಲಕ್ಷಿಸಬಾರದು. ಇರುಸಿನ ಹಲ್ಲುಗಳು ಒಂದರ ಮೇಲೊಂದು ಉರುಳುವುದಲ್ಲದೆ ಜಾರಿ ಉಜ್ಜಿಕೊಳ್ಳುತ್ತವೆ. ಬರಿಯ ಎಣ್ಣೆ ಅಲ್ಲಿ ನಿಲ್ಲಲಾರದು. ಆದುದರಿಂದ ಗಂಧಕ, ರಂಜಕಗಳನ್ನೊಳಗೊಂಡ ಪದಾರ್ಥಗಳನ್ನು ಸೇರಿಸುತ್ತಾರೆ. ಒತ್ತಡವೂ ಕಾವೂ ಹೆಚ್ಚಿದೆಡೆಯಲ್ಲಿ ಅವು ಉಕ್ಕಿನೊಡನೆ ಸೇರಿ ರಕ್ಷಕ ಪೊರೆಯೊಂದನ್ನು ಕಟ್ಟುತ್ತವೆ. ಗೇರ್ ಆಯಿಲಿನ ಕಟುವಾದ ವಾಸನೆಗೆ ಈ ಗಂಧಕವೇ ಕಾರಣ. ಜಿ.ಎಲ್. ೫ರಲ್ಲಿ ಇವು ಹೆಚ್ಚು. ಅದು ಇರುಸಿಗೆ ಯೋಗ್ಯ. ಆದರೆ ಗೇರುಪೆಟ್ಟಿಗೆಯಲ್ಲಿ ಗೇರುಗಳನ್ನು ಹೊಂದಿಸುವ ಹಿತ್ತಾಳೆಯ ಉಂಗುರಗಳಿವೆ. ಅಂತಹ ಹಳದಿ ಲೋಹವನ್ನು ಇದೇ ಪದಾರ್ಥಗಳು ಕ್ರಮೇಣ ತಿನ್ನಬಹುದು. ಅಲ್ಲಿಗೆ ಜಿ.ಎಲ್. ೪ ಮೇಲು. ಹಳೆಯ ಜೀಪುಗಳಲ್ಲಿ ಗೇರುಪೆಟ್ಟಿಗೆಯ ಎಣ್ಣೆಯೂ ಟ್ರಾನ್ಸ್‌ಫರ್ ಕೇಸಿನ ಎಣ್ಣೆಯೂ ನಡುವಿನ ಬೇರಿಂಗಿನ ಮೂಲಕ ಒಂದರಿಂದೊಂದಕ್ಕೆ ಹರಿದಾಡುವುದುಂಟು. ಆದಕಾರಣ ಆ ಎರಡಕ್ಕೂ ಒಂದೇ ಎಣ್ಣೆಯನ್ನು ಹಾಕಬೇಕು. ಮಟ್ಟವನ್ನೂ ಎರಡರಲ್ಲಿಯೂ ನೋಡಬೇಕು.

ಎಣ್ಣೆ ಕೆಡುವ ಬಗೆ

ಕಾವಿನಿಂದಲೂ ಲೋಹದ ಪುಡಿಯಿಂದಲೂ ಎಣ್ಣೆ ನಿಧಾನವಾಗಿ ಕೆಡುತ್ತದೆ. ನೀರಿನಿಂದ ಅದು ಒಂದೇ ದಿನದಲ್ಲಿ ಕೆಡಬಹುದು. ನಮ್ಮ ಜಿಲ್ಲೆಯ ಮಳೆ ಎಂತಹದೆಂಬುದನ್ನು ಹೇಳಬೇಕಾಗಿಲ್ಲ. ೨೦೧೯ರ ಆಗಸ್ಟಿನಲ್ಲಿ ಅವಲಾಂಚಿಯಲ್ಲಿ ಒಂದೇ ದಿನದಲ್ಲಿ ೮೦೦ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯಿತು. ಮಳೆಗಾಲದಲ್ಲಿ ದಾರಿಗೆ ಅಡ್ಡಬರುವ ಹಳ್ಳವನ್ನು ಜೀಪು ದಾಟುವಾಗ ಆಗುವುದನ್ನು ಕೇಳಿ. ಘಾಟಿಯನ್ನು ಏರಿಳಿದು ಬಂದ ಇರುಸು ಬಿಸಿಯಾಗಿರುತ್ತದೆ; ಅದರೊಳಗಿನ ಗಾಳಿ ಹಿಗ್ಗಿರುತ್ತದೆ. ತಣ್ಣೀರು ತಾಗಿದೊಡನೆ ಆ ಗಾಳಿ ಕುಗ್ಗಿ, ಹೊರಗಿನದನ್ನು ಒಳಕ್ಕೆ ಎಳೆಯುತ್ತದೆ. ಬಿಸಿ ನೀರಿನಿಂದ ತೊಳೆದು ಮುಚ್ಚಳ ಬಿಗಿದ ತೆಳುವಾದ ಪ್ಲಾಸ್ಟಿಕ್ ಸೀಸೆಯನ್ನು ತಣ್ಣೀರಿನಲ್ಲಿಟ್ಟರೆ ಅದು ಮುದುಡುವುದನ್ನು ಮಕ್ಕಳು ಮನೆಯಲ್ಲಿಯೇ ನೋಡಬಹುದು. ಇರುಸು ಮುದುಡಲಾರದು, ಬದಲಾಗಿ ಸವೆದ ಸೀಲುಗಳ ಸಂದಿನಿಂದ ನೀರನ್ನು ಹೀರುತ್ತದೆ.

ಗಾಳಿಯ ಈ ಹಿಗ್ಗು ಕುಗ್ಗಿಗಾಗಿಯೇ ಇರುಸಿನ ಮೇಲೆ ಬ್ರೀದರ್ ಎಂಬ ಸಣ್ಣ ಉಸಿರುಗಂಡಿಯನ್ನು ಇಟ್ಟಿದ್ದಾರೆ. ಅದರಲ್ಲಿ ಕೆಸರು ಮೆತ್ತಿಕೊಂಡರೆ ಎರಡು ಕೇಡು. ತಣಿಯುವಾಗ ನೀರು ಸೀಲಿನ ದಾರಿಯಿಂದ ಒಳಬರುತ್ತದೆ. ಕಾಯುವಾಗ ಒತ್ತಡವೇರಿ ಎಣ್ಣೆಯು ಅದೇ ದಾರಿಯಿಂದ ಹೊರಗೆ ಹೋಗುತ್ತದೆ. ಬ್ರೀದರನ್ನು ಶುಚಿಮಾಡಲು ಐದು ನಿಮಿಷವೂ ಬೇಡ.

ಬ್ರೇಕಿಗೂ ಎಣ್ಣೆಗೂ ಇರುವ ಸಂಬಂಧ

“ಸ್ವಲ್ಪ ಎಣ್ಣೆ ತೊಟ್ಟಿಕ್ಕುತ್ತದೆ, ಹಳೆಯ ಜೀಪಿನಲ್ಲಿ ಇದೆಲ್ಲ ಇದ್ದದ್ದೇ” ಎಂದು ಹೇಳುವವರುಂಟು. ಇದು ಅಪಾಯದ ಮಾತು. ಹಿಂದಿನ ಇರುಸಿನ ತುದಿಯ ಸೀಲು ಸೋರಿದರೆ ಎಣ್ಣೆಯು ಚಕ್ರದ ಬ್ರೇಕಿನ ಡ್ರಮ್ಮಿನೊಳಗೆ ಇಳಿಯುತ್ತದೆ. ಎಣ್ಣೆ ಕುಡಿದ ಬ್ರೇಕಿನ ಪಟ್ಟಿ ಹಿಡಿಯುವುದಿಲ್ಲ. ಇನ್ನೂ ಮುಖ್ಯವಾದುದು ಹ್ಯಾಂಡ್‌ಬ್ರೇಕಿನ ಸಂಗತಿ. ಹಳೆಯ ಮಾದರಿಯ ಅನೇಕ ಜೀಪುಗಳಲ್ಲಿ ಹ್ಯಾಂಡ್‌ಬ್ರೇಕು ಚಕ್ರಗಳಲ್ಲಿ ಇರುವುದಿಲ್ಲ. ಟ್ರಾನ್ಸ್‌ಫರ್ ಕೇಸಿನ ಹಿಂಬದಿಯಲ್ಲಿ, ಹಿಂದಿನ ಪ್ರೊಪೆಲ್ಲರ್ ಶಾಫ್ಟು ಹೊರಡುವೆಡೆಯಲ್ಲಿ ಇರುತ್ತದೆ. ಅಲ್ಲಿನ ಸೀಲು ಸೋರಿದರೆ ಎಣ್ಣೆ ನೇರವಾಗಿ ಆ ಬ್ರೇಕಿಗೇ ಬೀಳುತ್ತದೆ. ಎಣ್ಣೆಯ ಮಟ್ಟವೂ ಇಳಿಯುತ್ತದೆ, ನಿಂತ ವಾಹನದ ಹಿಡಿತವೂ ಹೋಗುತ್ತದೆ.

ಈ ಬಗೆಯ ಹ್ಯಾಂಡ್‌ಬ್ರೇಕಿನಲ್ಲಿ ಇನ್ನೊಂದು ಮರ್ಮವಿದೆ. ಗೂಡಲೂರಿನ ಕಡೆಯ ಒಂದು ಇಳಿಜಾರಿನಲ್ಲಿ ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಚಾಲಕನು ಹ್ಯಾಂಡ್‌ಬ್ರೇಕನ್ನು ಬಲವಾಗಿ ಎಳೆದು, ಹಿಂದಿನ ಒಂದು ಚಕ್ರಕ್ಕೆ ಜಾಕನ್ನು ಕೊಟ್ಟು ಎತ್ತಿದನು. ಚಕ್ರವು ನೆಲವನ್ನು ಬಿಟ್ಟೊಡನೆ ಜೀಪು ಗೇಣುದ್ದ ಮುಂದೆ ಸರಿದು ಜಾಕಿನಿಂದ ಕೆಳಕ್ಕೆ ಬಿದ್ದಿತು. ಮುಂದಿನ ಚಕ್ರಕ್ಕೆ ಕಲ್ಲೊಂದು ಅಡ್ಡ ಸಿಕ್ಕಿದುದರಿಂದ ಅಲ್ಲಿಗೇ ನಿಂತಿತು. ಕೆಳಗೆ ಯಾರೂ ಮಲಗಿರಲಿಲ್ಲವೆಂಬುದು ದೈವಕೃಪೆ. ಬ್ರೇಕು ಕೆಟ್ಟಿದೆ ಎಂದು ಎಲ್ಲರೂ ಹೇಳಿದರು. ನೋಡಿದರೆ ಬ್ರೇಕು ಸರಿಯಾಗಿಯೇ ಇತ್ತು. ಅದು ಹಿಡಿದಿದ್ದುದು ಶಾಫ್ಟನ್ನು. ಶಾಫ್ಟು ನಿಂತಿದ್ದರೂ, ಎತ್ತಿದ ಚಕ್ರವು ಹಿಂದಕ್ಕೆ ತಿರುಗಿದರೆ ನೆಲದ ಮೇಲಿನ ಚಕ್ರವು ಮುಂದಕ್ಕೆ ಉರುಳಲು ಡಿಫರೆನ್ಷಿಯಲ್ಲು ಅವಕಾಶ ಕೊಡುತ್ತದೆ. ತಿರುವಿನಲ್ಲಿ ನಮಗೆ ಉಪಕಾರ ಮಾಡುವ ಗುಣವೇ ಇಲ್ಲಿ ಅಪಕಾರಿಯಾಯಿತು. ಆದಕಾರಣ ಇಂತಹ ಜೀಪಿನ ಹಿಂದಿನ ಚಕ್ರವನ್ನು ಹ್ಯಾಂಡ್‌ಬ್ರೇಕಿನ ಭರವಸೆಯ ಮೇಲೆ ಎಂದಿಗೂ ಎತ್ತಬಾರದು. ಉಳಿದ ಚಕ್ರಗಳ ಹಿಂದೆಯೂ ಮುಂದೆಯೂ ಮರದ ಬೆಣೆಗಳನ್ನು ಕೊಡಲೇಬೇಕು.

ಬದಲಾಯಿಸುವ ಕ್ರಮ

ಎಣ್ಣೆ ಬದಲಾಯಿಸಲು ಜೀಪನ್ನು ಎತ್ತುವ ಅಗತ್ಯವೇ ಇಲ್ಲ. ಅದರ ಹೊಟ್ಟೆಯು ನೆಲದಿಂದ ಸಾಕಷ್ಟು ಎತ್ತರದಲ್ಲಿದೆ. ಅಲ್ಲದೆ, ಮಟ್ಟವನ್ನು ಸರಿಯಾಗಿ ಅಳೆಯಬೇಕಾದರೆ ನಾಲ್ಕು ಚಕ್ರಗಳೂ ಸಮತಟ್ಟಾದ ನೆಲದ ಮೇಲೆ ಇರಬೇಕು.

ಮೊದಲು ಜೀಪನ್ನು ಕೆಲವು ಮೈಲಿ ಓಡಿಸಿ ತರಬೇಕು. ಬೆಚ್ಚಗಾದ ಎಣ್ಣೆಯು ತೆಳುವಾಗಿ, ತಳದ ಕಸವನ್ನೂ ಹೊತ್ತುಕೊಂಡು ಇಳಿಯುತ್ತದೆ. ಸಮತಟ್ಟಿನಲ್ಲಿ ನಿಲ್ಲಿಸಿ, ಎಂಜಿನ್ನನ್ನು ಆರಿಸಿ, ಗೇರಿನಲ್ಲಿಟ್ಟು, ಚಕ್ರಗಳಿಗೆ ಬೆಣೆ ಕೊಟ್ಟ ಮೇಲೆಯೇ ಕೆಳಗೆ ನುಸುಳಬೇಕು.

ಪ್ರತಿ ಪೆಟ್ಟಿಗೆಗೂ ಎರಡು ಪ್ಲಗ್ಗುಗಳು ಇರುತ್ತವೆ. ತಳದಲ್ಲಿರುವುದು ಎಣ್ಣೆಯನ್ನು ಇಳಿಸುವುದಕ್ಕೆ; ಪಕ್ಕದಲ್ಲಿ ಮೇಲಿರುವುದು ತುಂಬುವುದಕ್ಕೆ. ಇಲ್ಲಿ ಒಂದು ನಿಯಮವನ್ನು ಮರೆಯಬಾರದು: ಮೊದಲು ಮೇಲಿನ ಪ್ಲಗ್ಗು, ಆಮೇಲೆ ಕೆಳಗಿನದು. ಹಳೆಯ ವಾಹನದಲ್ಲಿ ಪ್ಲಗ್ಗುಗಳು ತುಕ್ಕು ಹಿಡಿದು ಕಚ್ಚಿಕೊಂಡಿರುತ್ತವೆ. ಎಣ್ಣೆಯನ್ನೆಲ್ಲ ಇಳಿಸಿದ ಮೇಲೆ ತುಂಬುವ ಪ್ಲಗ್ಗು ಬರದೆ ಹೋದರೆ ಜೀಪು ನಿಂತಲ್ಲಿಯೇ ನಿಲ್ಲಬೇಕಾಗುತ್ತದೆ. ಮೆಕ್ಯಾನಿಕ್ಕನ ಬಳಿಗೂ ಓಡಿಸಿಕೊಂಡು ಹೋಗುವಂತಿಲ್ಲ. ಮೇಲಿನದು ಬಿಚ್ಚಿ ಬಂದ ಮೇಲೆ, ತಳಕ್ಕೆ ಅಗಲವಾದ ಪಾತ್ರೆಯನ್ನಿಟ್ಟು ಕೆಳಗಿನದನ್ನು ತೆಗೆಯಬೇಕು. ಕೊನೆಯ ಹನಿ ಇಳಿಯುವವರೆಗೆ ಕಾಲು ಗಂಟೆಯಾದರೂ ಬಿಡಬೇಕು.

ಕೆಳಗಿನ ಪ್ಲಗ್ಗನ್ನು ಒರಸಿ ಬಿಗಿದು, ಹೊಸ ಎಣ್ಣೆಯನ್ನು ಕೈಪಂಪಿನಿಂದಲೋ ಉದ್ದ ಕೊಳವೆಯಿಂದಲೋ ಮೇಲಿನ ರಂಧ್ರಕ್ಕೆ ಹಾಕಬೇಕು. ಅದು ರಂಧ್ರದ ಅಂಚಿಗೆ ಬಂದು ಹೊರಗೆ ಹನಿಯತೊಡಗಿದಾಗ ಸಾಕು. ಎಷ್ಟು ಹಿಡಿಯುತ್ತದೆಂಬುದು ಮಾದರಿಯಿಂದ ಮಾದರಿಗೆ ಬೇರೆ, ಕೈಪಿಡಿಯನ್ನು ನೋಡಬೇಕು. ಯುದ್ಧಕಾಲದ ಜೀಪಿನಲ್ಲಿ ಗೇರುಪೆಟ್ಟಿಗೆಗೆ ಸುಮಾರು ೦.೭ ಲೀಟರು, ಟ್ರಾನ್ಸ್‌ಫರ್ ಕೇಸಿಗೆ ಸುಮಾರು ೧.೪ ಲೀಟರು, ಇರುಸುಗಳಿಗೆ ತಲಾ ಸುಮಾರು ೧.೨ ಲೀಟರು ಹಿಡಿಯುತ್ತಿತ್ತು. ನಾಲ್ಕೂ ಸೇರಿ ನಾಲ್ಕೂವರೆ ಲೀಟರು. “ಇರಲಿ, ಇನ್ನೊಂದಿಷ್ಟು” ಎಂದು ಮಟ್ಟ ಮೀರಿ ತುಂಬುವುದು ಔದಾರ್ಯವಲ್ಲ. ಹೆಚ್ಚಾದ ಎಣ್ಣೆಯು ಕಡೆದು ನೊರೆಯೆದ್ದು, ಸೀಲನ್ನು ತಳ್ಳಿಕೊಂಡು ಹೊರಬಂದು, ಮೇಲೆ ಹೇಳಿದಂತೆ ಬ್ರೇಕನ್ನು ಸೇರುತ್ತದೆ.

ಕೊನೆಗೆ ಜೀಪನ್ನು ಸ್ವಲ್ಪ ದೂರ ಓಡಿಸಿ ತಂದು, ಪ್ಲಗ್ಗುಗಳ ಸುತ್ತ ಒದ್ದೆಯಾಗಿದೆಯೇ ಎಂದು ನೋಡಬೇಕು. ಎಣ್ಣೆ ಕೆಳಗಿಳಿಯಲು ಬಿಟ್ಟು ಮಟ್ಟವನ್ನು ಮತ್ತೊಮ್ಮೆ ಪರೀಕ್ಷಿಸಬೇಕು. ಬದಲಾಯಿಸುವ ಕಾಲವನ್ನು ಕೈಪಿಡಿಯಲ್ಲಿ ಹೇಳಿರುತ್ತಾರೆ. ಆದರೆ ಇರುಸು ಮುಳುಗುವಷ್ಟು ನೀರನ್ನು ದಾಟಿದ್ದರೆ ಆ ಲೆಕ್ಕಕ್ಕೆ ಕಾಯದೆ ಅಂದೋ ಮರುದಿನವೋ ಎಣ್ಣೆಯನ್ನು ನೋಡಬೇಕು.

ಹಳೆಯ ಎಣ್ಣೆ ಹೇಳುವ ಮಾತು

ಪಾತ್ರೆಗಿಳಿದ ಎಣ್ಣೆಯನ್ನು ಕೂಡಲೆ ಎತ್ತಿಡಬಾರದು. ವೈದ್ಯನು ನಾಡಿಯನ್ನು ನೋಡುವಂತೆ ಅದನ್ನು ನೋಡಬೇಕು. ಕಪ್ಪಾಗಿದ್ದರೂ ತಿಳಿಯಾಗಿದ್ದರೆ ಅದು ಬರಿಯ ವಯಸ್ಸು. ಹಾಲು ಬೆರೆಸಿದ ಕಾಫಿಯಂತೆ ಕಂಡರೆ ನೀರು ಸೇರಿದೆ. ಸೀಲುಗಳನ್ನೂ ಬ್ರೀದರನ್ನೂ ಪರೀಕ್ಷಿಸಬೇಕು. ಸುಟ್ಟ ವಾಸನೆ ಬಂದರೆ ಎಣ್ಣೆ ಕಡಿಮೆಯಾಗಿಯೋ ಭಾರ ಹೆಚ್ಚಾಗಿಯೋ ಕಾದಿದೆ. ಪ್ಲಗ್ಗಿನಲ್ಲಿ ಅಯಸ್ಕಾಂತವಿದ್ದರೆ ಅದರ ಮೇಲೆ ಬೂದು ಬಣ್ಣದ ನುಣ್ಣನೆಯ ಲೇಪ ಕೂತಿರುವುದು ಸಹಜ. ಆದರೆ ಉಗುರಿನಿಂದ ಹೆಕ್ಕಬಹುದಾದ ಚೂರುಗಳಿದ್ದರೆ ಯಾವುದೋ ಹಲ್ಲು ಮುರಿದಿದೆ, ಇಲ್ಲವೆ ಬೇರಿಂಗು ಒಡೆದಿದೆ. ಹೊಸ ಎಣ್ಣೆಯನ್ನು ತುಂಬಿ ಅದನ್ನು ಮರೆಮಾಡಬಾರದು. ಪೆಟ್ಟಿಗೆಯನ್ನು ಬಿಚ್ಚಿಸಿ ನೋಡಿಸದೆ ಮಕ್ಕಳನ್ನು ಕೂರಿಸಿಕೊಂಡು ಘಾಟಿಗೆ ಇಳಿಯಬಾರದು.

ಹಳೆಯ ಎಣ್ಣೆ ಎಲ್ಲಿಗೆ?

ಕೊನೆಯದಾಗಿ, ಇಳಿಸಿದ ಎಣ್ಣೆಯನ್ನು ಏನು ಮಾಡಬೇಕು? ಚರಂಡಿಗೆ ಚೆಲ್ಲುವವರಿದ್ದಾರೆ, ಬೇಲಿಯ ಕಂಬಗಳಿಗೆ ಬಳಿಯುವವರಿದ್ದಾರೆ. ಮೊದಲ ಮಳೆಗೆ ಅದು ಹಳ್ಳವನ್ನು ಸೇರುತ್ತದೆ. ಮಸಿನಗುಡಿಯ ಕಡೆಯ ನೀರು ಮೊಯಾರ್ ಹೊಳೆಗೆ ಹೋಗಿ, ಭವಾನಿಸಾಗರದಲ್ಲಿ ಭವಾನಿಯನ್ನು ಕೂಡಿ, ಮುಂದೆ ಕಾವೇರಿಯನ್ನು ಸೇರುತ್ತದೆ. ನಮ್ಮ ಅಂಗಳದಲ್ಲಿ ಚೆಲ್ಲಿದ್ದು ಕಾಡಿನ ಆನೆ, ಜಿಂಕೆಗಳ ಬಾಯಿಗೂ, ಬಯಲಿನ ರೈತನ ಗದ್ದೆಗೂ ಹೋಗುವುದೆಂದು ತಿಳಿಯಬೇಕು. ೨೦೧೬ರ ಅಪಾಯಕಾರಿ ತ್ಯಾಜ್ಯಗಳ ನಿಯಮಗಳು ಬಳಸಿದ ಎಣ್ಣೆಯನ್ನು ಅಪಾಯಕಾರಿ ವಸ್ತುವೆಂದೇ ಎಣಿಸಿವೆ. ಅದನ್ನು ಮುಚ್ಚಳವಿರುವ ಡಬ್ಬಿಯಲ್ಲಿ, ನೀರಾಗಲಿ ಸೀಮೆಎಣ್ಣೆಯಾಗಲಿ ಬೆರೆಯದಂತೆ ಇಟ್ಟು, ಪರವಾನಗಿಯುಳ್ಳ ಸಂಗ್ರಾಹಕರಿಗೆ ತಲಪಿಸುವ ವರ್ಕ್‌ಶಾಪಿಗೆ ಒಪ್ಪಿಸಬೇಕು. ಸೌದೆಯೊಲೆಯಲ್ಲಿ ಸುಡಬಾರದು. ಕೈಗೆ ತಾಗಿದ್ದನ್ನು ಸೋಪಿನಿಂದ ಚೆನ್ನಾಗಿ ತೊಳೆಯಬೇಕು.

ಪೋಷಕರಲ್ಲಿ ಒಂದು ವಿನಂತಿ. ಮಕ್ಕಳನ್ನು ಕರೆದೊಯ್ಯುವ ಜೀಪಿನ ಟೈರನ್ನು ನಾವು ನೋಡುತ್ತೇವೆ, ದೀಪವನ್ನು ನೋಡುತ್ತೇವೆ. ಜೀಪು ನಿಂತು ಹೋದ ಜಾಗದಲ್ಲಿ ಬಿದ್ದ ಎಣ್ಣೆಯ ಹನಿಯನ್ನು ನೋಡುವುದಿಲ್ಲ. ಮರುದಿನ ಬೆಳಿಗ್ಗೆ ಅದನ್ನೂ ನೋಡಿ, ಚಾಲಕನಿಗೆ ಸಮಾಧಾನದಿಂದ ತಿಳಿಸಿ. ಹಿಂದೆ ಗಾಡಿ ಕಿರುಗುಟ್ಟಿದಾಗ ದಾರಿಹೋಕನು ಹೇಳುತ್ತಿದ್ದ ಮಾತನ್ನು, ಕಿರುಗುಟ್ಟಲಾರದ ಜೀಪಿನ ಪರವಾಗಿ ಈಗ ನಾವು ಹೇಳಬೇಕಾಗಿದೆ.